ಕೊಂಬೆ ನೆಟ್ಟಲ್ಲಿ ನೀರು

ವಂಕದ, ಆ ಮರಳು ಹಳ್ಳದ, ನೀರನ್ನು ಎಳೆದು ಬತ್ತಿಸಿದ್ದು ಬೆಂಗಳೂರಿನವರು ಬಂದು ತಂಗುವ ಕ್ಯಾಂಪಿನ ಬೋರುಗಳು, ಅದೇ ವಂಕದಲ್ಲಿ ನೀರು ತೆಗೆದು ತೋರಿಸುವ ಕೆಲಸಕ್ಕೆ ನರಸಕ್ಕನನ್ನು ಇಟ್ಟುಕೊಂಡದ್ದೂ ಕ್ಯಾಂಪೇ, ನೀರು ಬಾರದೆ ಹೋದ ಮೇಲೆ ಮರಳಿನಡಿ ಟಾರ್ಪಾಲು ಹಾಸಿ ಕ್ಯಾನಿನ ನೀರು ಹೊಯ್ದದ್ದೂ ಅದೇ ಕ್ಯಾಂಪು. ಜೀಪಿನಾಚೆ ತಂಗಡಿ ಹೂ ಹಳದಿಯಾಗಿ ಓಡುತ್ತಿದೆ, ರಸ್ತೆಯುದ್ದಕ್ಕೂ ಓಡುತ್ತಿದೆ, ಎಂಥ ಬಿಸಿಲಿಗೂ ಬಾಡದ ದರಿದ್ರ ಗಿಡ, ಮೇಕೆ ಕೂಡ ಮೂಸಿ ಬಿಟ್ಟುಹೋಗುವ ಗಿಡ, ಇವತ್ತು ಅದನ್ನು ನೋಡಿದರೆ ನರಸಕ್ಕನ ಕಣ್ಣು ಉರಿಯುತ್ತದೆ, ಆ ಕಡೆ ನೋಡಬಾರದೆಂದು ಈ ಕಡೆ ತಿರುಗಿದರೆ ಪಕ್ಕದವನ ಮೊಣಕೈ, ಅವನ ತೊಡೆಯ ಮೇಲೆ ಡ್ರಿಪ್ಪಿನ ಪೈಪಿನ ಸುರುಳಿ, ಸುರುಳಿಯ ತುದಿ ಅವಳ ಪಕ್ಕೆಗೆ ಚುಚ್ಚುತ್ತದೆ, ಒಸಿ ಅತ್ಲಾಗೆ ಇಟ್ಕಳಪ್ಪ ಎಂದರೆ ಎಲ್ಲಿಟ್ಕಳ್ಳಿ ಕಣಮ್ಮ, ತಲೆ ಮ್ಯಾಲಾ ಎನ್ನುತ್ತಾನೆ, ಹಿಂದೆ ಕೂತವರು ನಗುತ್ತಾರೆ, ನಗಲಿ, ಕಲ್ಯಾಣದುರ್ಗದ ಸ್ಟ್ಯಾಂಡಿನಲ್ಲಿ ಜೀಪು ತುಂಬಲೆಂದು ಕಾದೂ ಕಾದೂ ಅವಳ ತಾಳ್ಮೆಯೆಲ್ಲ ಅಲ್ಲೇ ಸೋರಿಹೋಗಿದೆ, ಡ್ರೈವರು ಇನ್ನೊಬ್ಬರು ಇನ್ನೊಬ್ಬರು ಎಂದು ಕೂಗುತ್ತಲೇ ಇದ್ದ, ಕೂತವರ ಮೇಲೆ ಕೂರಿಸುತ್ತಲೇ ಇದ್ದ, ಇವರಿಗೆಲ್ಲ ಮನುಷ್ಯರೆಂದರೆ ಮೂಟೆ, ಕಡ್ಲೆಕಾಯಿ ಮೂಟೆಯನ್ನಾದರೂ ಹೊಟ್ಟೆ ಒಡೆದೀತೆಂದು ನೋಡಿ ಇಡುತ್ತಾರೆ. ಮೂರು ಗಂಟೆಯೊಳಗೆ ಬಾ ಎಂದಿದ್ದಾನೆ ಕ್ಯಾಂಪಿನ ಮ್ಯಾನೇಜರು ಧರ್ಮೇಂದ್ರ. ಬೆಂಗಳೂರಿನಿಂದ ಗೆಸ್ಟುಗಳು ಬಂದಿದ್ದಾರೆ, ನಾಲ್ಕಕ್ಕೆ ನೀರಿನ ಶೋ, ನೀನಿಲ್ಲದೆ ಆಗಲ್ಲ ದೊಡ್ಡಮ್ಮ ಎಂದಿದ್ದಾನೆ ಫೋನಿನಲ್ಲಿ, ಏನೂ ಆಗಿಯೇ ಇಲ್ಲವೆಂಬಂತೆ ಎಂದಿದ್ದಾನೆ, ಅವಳು ಆಗ ಆಸ್ಪತ್ರೆಯ ವರಾಂಡದಲ್ಲಿ ನಿಂತಿದ್ದಳು, ಒಳಗೆ ಪೋತಪ್ಪನ ತೋಳಿಗೆ ಗ್ಲೂಕೋಸು ಇಳಿಯುತ್ತಿತ್ತು, ಹೂಂ ಅಂದಳೋ ಊಹೂಂ ಅಂದಳೋ ಈಗ ನೆನಪಿಲ್ಲ, ಅಂದದ್ದು ಹೂಂ ಇರಬೇಕು, ಇಲ್ಲದಿದ್ದರೆ ಈ ಜೀಪಿನಲ್ಲಿ ಯಾಕೆ ಕೂತಿದ್ದಾಳೆ.

ಪೋತಪ್ಪ ಅವಳಿಗೆ ನೆಂಟನಲ್ಲ, ಗುರುತೂ ಅಲ್ಲ, ಮೊನ್ನೆಯವರೆಗೆ ಹೆಸರೂ ಗೊತ್ತಿರಲಿಲ್ಲ. ಕಲ್ಯಾಣದುರ್ಗದ ಕಡೆಯ ಕುರಿಗಾರ, ಎಪ್ಪತ್ತು ದಾಟಿದವನು, ಬೇಸಿಗೆ ಬಂದರೆ ಕಡ್ಲೆಕಾಯಿ ಕಿತ್ತ ಹೊಲಗಳ ಮೇಲೆ ಮಂದೆ ಹೊಡೆದುಕೊಂಡು ಪೆನ್ನೇರಿನ ಕಡೆ ಇಳಿಯುವವನು, ಅವನ ಅಪ್ಪನೂ ಇಳಿಯುತ್ತಿದ್ದ ದಾರಿ ಅದು. ಮೊನ್ನೆ ಬೆಳಿಗ್ಗೆ ಗುಡ್ಡದ ಏರಿನ ಮೇಲೆ ನಿಂತು ಕೆಳಗೆ ನೋಡಿದ್ದಾನೆ, ವಂಕದ ತಿರುವಿನಲ್ಲಿ ತಂಗಡಿಯ ಕೊಂಬೆ ನೆಟ್ಟಗೆ ನಿಂತಿದೆ, ಬುಡಕ್ಕೆ ಕಲ್ಲಿದೆ, ಎಲೆ ಹಸುರಿದೆ, ಇಲ್ಲಿ ಅಗೆದರೆ ನೀರಿದೆ ಎಂಬ ಗುರುತು. ಮಗ ಫೋನಿನಲ್ಲಿ ಹೇಳಿದ್ದ, ಕೆರೆಯಲ್ಲಿ ಇನ್ನೂ ನೀರಿದೆ, ಬಲಕ್ಕೆ ತಿರುಗಿಸ್ಕೊಂಡು ಹೋಗಪ್ಪ ಎಂದು ಹೇಳಿದ್ದ, ಫೋನು ಸರಿಯಾಗಿಯೇ ಹೇಳಿತ್ತು. ಈ ಮುದುಕ ಫೋನು ಬಿಟ್ಟು ಕೊಂಬೆಯನ್ನು ನಂಬಿದ. ಯಾಕೆ ನಂಬಿದೆ ಎಂದು ಅವನ ಮೇಲೂ ಸಿಟ್ಟು ಬರುತ್ತದೆ ನರಸಕ್ಕನಿಗೆ, ಕಣ್ಣು ಕಾಣುವುದಿಲ್ಲವೆ, ಆಚೆ ತಿರುವಿನಲ್ಲಿ ಟೆಂಟುಗಳು ಬಿಳಿ ಬಿಳಿ ಕಾಣುವುದಿಲ್ಲವೆ, ಗುಡ್ಡದ ತುಂಬ ಗಾಳಿಫ್ಯಾನುಗಳು ತಿರುಗುತ್ತಿರುವ ಕಾಲದಲ್ಲಿ ಕೊಂಬೆ ನೆಡುವವರು ಯಾರು ಉಳಿದಿದ್ದಾರೆ ಎಂದಾದರೂ ಯೋಚಿಸಬಾರದಿತ್ತೆ. ಮಂದೆಯನ್ನು ವಂಕಕ್ಕೆ ಇಳಿಸಿದ. ಅಗೆಯಲು ಕೂತ. ಮರಳು ಒಣಗಿತ್ತು, ಹಿಂಡಿದರೆ ಅಂಗೈಗೆ ಅಂಟುತ್ತಿರಲಿಲ್ಲ, ಅಂಥ ಮರಳು ಸಿಕ್ಕಿದರೆ ಎದ್ದು ಹೋಗಬೇಕೆಂದು ಅವನಿಗೂ ಗೊತ್ತು, ಕುರಿ ಕಾಯುವವರ ಮನೆಯ ಕೂಸಿಗೂ ಗೊತ್ತು, ಆದರೆ ಕೊಂಬೆ ಇದೆಯಲ್ಲ, ಹಸುರು ಇದೆಯಲ್ಲ, ಇನ್ನೊಂದು ಗೇಣು ಇಳಿದರೆ ಬರುತ್ತದೆ ಎಂದು ಇಳಿದ, ಬಿಸಿಲು ನೆತ್ತಿಗೆ ಬಂತು, ಕುರಿಗಳು ಸುತ್ತ ನಿಂತು ಬಾಯಿ ತೆರೆದವು, ಗಬ್ಬದ ಕುರಿಗಳೆರಡು ಅಲ್ಲೇ ಮಲಗಿದವು, ಈಗ ಕೆರೆಗೆ ಹೊಡೆದುಕೊಂಡು ಹೋಗುವ ಶಕ್ತಿ ಅವಕ್ಕೂ ಇಲ್ಲ, ಅವನಿಗೂ ಇಲ್ಲ, ಅಗೆಯುವುದೊಂದೇ ದಾರಿ. ಅಗೆದ. ತಳದಲ್ಲಿ ನೀಲಿ ಕಂಡಿತು.

ನೀಲಿಗಿತ್ತು ತಾಯಿ, ನೀರೇ ಅಂದ್ಕಂಡೆ.

ಇವತ್ತು ಬೆಳಿಗ್ಗೆ ಮಂಚದ ಮೇಲೆ ಮಲಗಿ ಅವನು ಅಂದ ಮಾತು ಅದು, ದೂರು ಹೇಳುವ ದನಿಯಲ್ಲ, ಸಂತೆಯಲ್ಲಿ ಯಾರನ್ನೋ ಇನ್ನಾರೋ ಎಂದುಕೊಂಡು ಕೂಗಿ ಪೆಚ್ಚಾದವನ ದನಿ. ಅವನ ಬೆರಳುಗಳ ತುದಿಗೆ ಬಟ್ಟೆ ಸುತ್ತಿದ್ದರು, ಉಗುರು ಎದ್ದುಬಂದಿದ್ದವಂತೆ, ಟಾರ್ಪಾಲನ್ನು ಉಗುರಿನಲ್ಲೇ ಹರಿದು ಅದರ ಕೆಳಗೂ ಅಗೆದಿದ್ದ, ಸೌದೆಗೆಂದು ಆ ಕಡೆ ಬಂದ ಕ್ಯಾಂಪಿನ ಅಡುಗೆಯ ಅಂಜಿ ನೋಡಿದಾಗ ಗುಂಡಿಯೊಳಗೆ ಭುಜದವರೆಗೆ ತೋಳು ಇಳಿಬಿಟ್ಟು ಬೋರಲು ಬಿದ್ದಿದ್ದನಂತೆ. ನರಸಕ್ಕ ಕೈಯಲ್ಲಿ ಎಳನೀರು ಹಿಡಿದು ನಿಂತಿದ್ದಳು, ಪೋತಪ್ಪನ ಸೊಸೆ ಲಕ್ಷ್ಮೀದೇವಿ ಅದನ್ನು ಕಸಿದುಕೊಂಡು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು, ಇದ್ರಾಗಾದ್ರೂ ನೀರೈತಾ ಅಕ್ಕಾ, ಇಲ್ಲಾ ಇದೂ ನಿಮ್ ಕ್ಯಾಂಪಿಂದೇ ಕಾಯಾ ಎಂದಳು, ಪಕ್ಕದ ಮಂಚದವರು ಕೂಡ ತಿರುಗಿ ನೋಡಿದರು, ಪೋತಪ್ಪನೇ ಸುಮ್ಕಿರಮ್ಮ ಸುಮ್ಕಿರು ಎಂದ, ಆಮೇಲೆ ನರಸಕ್ಕನನ್ನು ಹತ್ತಿರ ಕರೆದ, ಒಂದು ಮಾತು ಕೇಳ್ತೀನಿ ಎಂದ. ಕೊಂಬೆ ನಮ್ಮೋರು ನೆಟ್ಟಂಗೇ ಇತ್ತು ಎಂದ. ಬುಡದ ಕಲ್ಲು ಪಡುವಲಕ್ಕೇ ಇತ್ತು, ನಮ್ಮೋರು ಇಡೋ ಕಡೀಕೇ ಇತ್ತು. ಮುಂದೆ ಇನ್ನೆಲ್ಲಾದ್ರೂ ಕೊಂಬೆ ಕಂಡ್ರೆ ಏನ್ ಮಾಡ್ಲಿ ಹೇಳು ತಾಯಿ, ನಿಲ್ಲಲಾ, ಹೋಗಲಾ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದಳು, ಮಗನನ್ನು ಕರೆಸಿ ಹೊಡೆಸುತ್ತೇನೆ ಎಂದಿದ್ದರೆ ಹೊಡೆಸಪ್ಪ ಎನ್ನುತ್ತಿದ್ದಳು, ಅವನು ನಿಲ್ಲಲಾ ಹೋಗಲಾ ಎಂದು ಕೇಳಿದ, ಕೇಳಿ ಉತ್ತರಕ್ಕಾಗಿ ಕಾದ, ನಿಜಕ್ಕೂ ಕಾದ, ಗ್ಲೂಕೋಸಿನ ಹನಿ ಬೀಳುತ್ತಿತ್ತು, ಅಷ್ಟರಲ್ಲಿ ಸೊಂಟದ ಫೋನು ಬಡಿದುಕೊಂಡಿತು, ಧರ್ಮೇಂದ್ರ, ಅವಳು ಎದ್ದು ವರಾಂಡಕ್ಕೆ ನಡೆದಳು.

ಅಪ್ಪ ಪಾಪಯ್ಯ ಇದ್ದಿದ್ದರೆ ಉತ್ತರ ಹೇಳುತ್ತಿದ್ದನೋ ಏನೋ. ಪರಿಗಿಯ ಹತ್ತಿರ ಅವಳ ತವರು, ಮರಳೇ ಮರಳಿನ ಹೊಳೆ, ಬೇಸಿಗೆಯಲ್ಲಿ ಹೊಳೆಯೆಂದರೆ ಬಿಳಿ ರಸ್ತೆ, ಆ ರಸ್ತೆಯಲ್ಲಿ ನಡೆದುಹೋಗುತ್ತ ಅಪ್ಪ ಇಲ್ಲಿಲ್ಲ, ಇಲ್ಲಿಲ್ಲ, ಇಲ್ಲೂ ಇಲ್ಲ ಎನ್ನುತ್ತಿದ್ದ, ಅವನ ವಿದ್ಯೆಯಲ್ಲಿ ಮುಕ್ಕಾಲು ಪಾಲು ಇಲ್ಲ ಎನ್ನುವುದೇ ಇತ್ತು. ಹೊಳೆ ತಿರುಗುವ ಕಡೆ ಬಂಡೆ ಅಡ್ಡ ಬಂದಿದ್ದರೆ ಅದರ ಮೇಲ್ಬದಿಯಲ್ಲಿ ನೋಡು, ಬೆಳಿಗ್ಗೆ ಮರಳಿನ ಬಣ್ಣ ನೋಡು, ಸಂಜೆ ನುಸಿ ಎಲ್ಲಿ ಗುಂಪಾಡುತ್ತದೆ ನೋಡು, ಮೊಳಕೈ ಮುಳುಗುವವರೆಗೆ ಅಗೆ, ಮರಳು ಅಂಗೈಗೆ ಅಂಟದಿದ್ದರೆ ಎದ್ದುಬಿಡು, ಹಟ ಮಾಡಬೇಡ, ಹಟ ಮಾಡಿದವನ ಬೆವರು ಹೋಗುತ್ತದೆ, ನೀರೂ ಸಿಗುವುದಿಲ್ಲ. ಸಿಕ್ಕಿದರೆ ಅದು ಚಿಲುಮೆ, ಮೊದಲ ನೀರು ಕೆಂಪಗಿರುತ್ತದೆ, ಅದನ್ನು ಎತ್ತಿ ಹಾಕಬೇಕು, ಎರಡನೆಯದು ದನಕರುಗಳಿಗೆ, ಆಮೇಲೆ ನಾವು. ಕುಡಿದಾದ ಮೇಲೆ ಹಸಿ ತಂಗಡಿಯ ಕೊಂಬೆ ಮುರಿದು ಪಕ್ಕದಲ್ಲಿ ನೆಡಬೇಕು, ಪಡುವಲಕ್ಕೆ ಕಲ್ಲಿಡಬೇಕು, ಹಿಂದೆ ಬರುವವರು ಯಾರೋ, ಯಾವ ಜಾತಿಯೋ, ಯಾವ ಊರೋ, ಏರಿನ ಮೇಲಿನಿಂದ ಕಂಡು ಇಳಿಯುತ್ತಾರೆ. ಎಲೆ ಬಾಡಿದ್ದರೆ ನೀರು ಹಳೆಯದು, ನೋಡಿಕೊಂಡು ಇಳಿ. ಹಸುರಿದ್ದರೆ ಕಣ್ಣು ಮುಚ್ಚಿಕೊಂಡು ಇಳಿ. ನೀರು ಆಳಕ್ಕೆ ಹೋಯಿತೆಂದರೆ ಕೊನೆಯ ಬೊಗಸೆ ಯಾರದೋ ಕೊಂಬೆ ಕೀಳುವ ಕೈಯೂ ಅವರದೇ, ಕೀಳದೆ ಹೋದವನಿಗೆ ಅಪ್ಪ ಬಯ್ಯುತ್ತಿದ್ದ ಬೈಗಳನ್ನು ಈ ಜೀಪಿನಲ್ಲಿ ನೆನೆಸಿಕೊಳ್ಳುವಂತಿಲ್ಲ. ನೀನು ಹೋಗ್ಬುಟ್ಟಿರ್ತೀಯ ಕಣಮ್ಮ, ಕೊಂಬೆ ಮಾತ್ರ ಅಲ್ಲೇ ನಿಂತು ಮಾತಾಡ್ತಾ ಇರ್ತೈತೆ ಎನ್ನುತ್ತಿದ್ದ. ಹಾಗೆಂದು ಆ ಕಾಲವೇ ಚೆಂದವಿತ್ತು ಎಂದು ಯಾರಾದರೂ ಅಂದರೆ ನರಸಕ್ಕನ ಮೈಯೆಲ್ಲ ಉರಿಯುತ್ತದೆ, ಕ್ಯಾಂಪಿಗೆ ಬರುವವರು ಅನ್ನುತ್ತಾರೆ, ಎಷ್ಟು ಪ್ಯೂರ್ ಲೈಫು ಆಂಟಿ ನಿಮ್ದು ಎನ್ನುತ್ತಾರೆ, ಪ್ಯೂರೂ ಇಲ್ಲ ಮಣ್ಣೂ ಇಲ್ಲ, ಬಿಂದಿಗೆ ತುಂಬುವವರೆಗೆ ಚಿಪ್ಪಿನಲ್ಲಿ ಗೋರಿ ಗೋರಿ ಅವ್ವನ ಸೊಂಟ ಬಿದ್ದುಹೋಯಿತು, ಹಸಿದವರ ಮನೆಯಲ್ಲಿ ಯಾರೂ ಅದನ್ನು ವಿದ್ಯೆ ಎಂದು ಕರೆಯಲಿಲ್ಲ, ನಲ್ಲಿ ಬಂದ ದಿನ ನರಸಕ್ಕ ನಲ್ಲಿಗೆ ಕುಂಕುಮ ಇಟ್ಟವಳು, ಹಿಂದೂಪುರಕ್ಕೆ ಹೋಗಿ ಹುಣಸೆ ಮಂಡಿಯಲ್ಲಿ ಹಣ್ಣು ಬಿಡಿಸಿದವಳು, ದೂಳಿಗೆ ಉಬ್ಬಸ ಬಂದಾಗ ಗಾರ್ಮೆಂಟ್ಸಿಗೆ ಸೇರಿದವಳು, ದಿನವಿಡೀ ಕಾಲರು, ಕಾಲರು, ನೀಲಿ ಬಟ್ಟೆಯ ಕಾಲರು, ಯಾವ ಊರಿನ ಯಾವ ಇಸ್ಕೂಲಿನ ಮಕ್ಕಳದೋ, ನೀಲಿ — ಥೂ, ಮತ್ತೆ ನೀಲಿ, ಗುಂಡಿಯ ತಳ, ಹರಿದ ಅಂಚು, ಅದರ ಕೆಳಗೆ ಮತ್ತೆ ಒಣ ಮರಳು.

ಪೈಪಿನವನು ಇಳಿದ, ಇಳಿಯುವಾಗ ಕಾಲು ತುಳಿದ, ಜೀಪು ಮತ್ತೆ ಹೊರಟಿತು. ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು ದೊಡ್ಡಮ್ಮ ಎಂದು ಹೇಳಿಕೊಡಲು ಧರ್ಮೇಂದ್ರ ಬಂದ, ತಂಗಿಯ ಮಗ, ಅವಳ ಸೊಂಟದ ಮೇಲೆ ಬೆಳೆದವನು, ಬದಲಾಗುವುದನ್ನು ಅವನು ಅವಳಿಗೆ ಹೇಳಿಕೊಡಬೇಕೆ, ಅವಳು ಬದಲಾದಷ್ಟು ಸಲ ಅವನು ಅಂಗಿ ಬದಲಾಯಿಸಿಲ್ಲ. ಗಾರ್ಮೆಂಟ್ಸಿನವರು ಕಣ್ಣು ಮಂಜಾಯಿತೆಂದು ಅವಳನ್ನು ಮನೆಗೆ ಕಳಿಸಿದ ವರ್ಷವೇ ಅವನು ಈ ಕ್ಯಾಂಪಿಗೆ ಮ್ಯಾನೇಜರಾಗಿ ಸೇರಿದ್ದು, ಕಾಡಿನಲ್ಲಿ ಸಿಕ್ಕಿಕೊಂಡರೆ ಬದುಕಿ ಬರುವುದು ಹೇಗೆ ಎಂದು ಕಲಿಸುವ ಕ್ಯಾಂಪು, ಕಲ್ಲಿನಿಂದ ಕಿಡಿ ಹಾರಿಸುವುದು, ಹಗ್ಗ ಹೊಸೆಯುವುದು, ಎರಡು ರಾತ್ರಿ ಟೆಂಟಿನಲ್ಲಿ ಮಲಗುವುದು, ಮಲಗಿ ಎದ್ದ ಮೇಲೆ ಈಜುಕೊಳ. ಸರ್ವೈವಲ್ಲು ಎಂಬ ಮಾತನ್ನು ಅವಳು ಅಲ್ಲೇ ಕಲಿತದ್ದು. ದೊಡ್ಡಮ್ಮ, ತಾತನ ವಿದ್ಯೆ ನಿಂಗೊಬ್ಬಳಿಗೇ ಗೊತ್ತಿರೋದು, ಬಂದು ತೋರ್ಸು ಎಂದಾಗ ಅವಳಿಗೆ ನಗು ಬಂದಿತ್ತು, ಆಮೇಲೆ ಮೊದಲ ಸಲ ತೋರಿಸಿದಾಗ, ಆಗ ವಂಕದಲ್ಲಿ ಇನ್ನೂ ನೀರಿತ್ತು, ಮೊಳದಾಳಕ್ಕೆ ಬಂದ ನೀರು ತಣ್ಣಗೆ ಬೆರಳ ಸುತ್ತ ಏರಿತು, ಬೆಂಗಳೂರಿನವರು ಚಪ್ಪಾಳೆ ಹೊಡೆದರು, ಅಪ್ಪನಿಗೆ ಯಾರೂ ಯಾವತ್ತೂ ಹೊಡೆಯದ ಚಪ್ಪಾಳೆ, ಅವಳ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಬೇಕು, ಉಬ್ಬಿತು. ಕ್ಯಾಂಪಿನ ಬೋರುಗಳು ಹಗಲೂ ಇರುಳೂ ಎಳೆದವು, ಈಜುಕೊಳ ತುಂಬಬೇಕು, ಹುಲ್ಲು ಹಸುರಾಗಿರಬೇಕು, ಮರುವರ್ಷ ವಂಕದಲ್ಲಿ ಮೊಳಕೈ ಮುಳುಗಿದರೂ ಮರಳು ಒಣಗಿತ್ತು. ಇಲ್ಲಿಲ್ಲ ಕಣ್ಲಾ ಎಂದಳು ಧರ್ಮೇಂದ್ರನಿಗೆ. ಎಲ್ಲೈತೆ ಎಂದ. ಎಲ್ಲೂ ಇಲ್ಲ, ನಿಮ್ ಕೊಳದಾಗೈತೆ ಎಂದಳು. ಅವನು ತಲೆ ಕೆರೆದುಕೊಂಡ, ಎರಡು ದಿನ ಕಳೆದು ಟಾರ್ಪಾಲು ತಂದ. ಗುಂಡಿ ತೆಗೆದು, ತಳಕ್ಕೆ ನೀಲಿ ಹಾಸಿ, ಮರಳು ತುಂಬಿ, ಶೋಗೆ ಮುಂಚೆ ಕ್ಯಾನಿನ ನೀರು ಹೊಯ್ದರೆ ಅಗೆದಾಗ ನೀರು ಒಸರುತ್ತದೆ, ಯಾರಿಗೂ ತಿಳಿಯುವುದಿಲ್ಲ, ನಾಟಕ ಅಂದ್ಕ ದೊಡ್ಡಮ್ಮ, ಸೀತೆ ಪಾರ್ಟು ಮಾಡೋನು ನಿಜ್ವಾಗ್ಲೂ ಸೀತೆಯಾ ಎಂದ, ಮಾತಿಗೇನು ಅವನಿಗೆ ಬರವಿಲ್ಲ. ಅಗೆದಳು. ನಾಟಕ ಎಂದುಕೊಂಡೇ ಅಗೆದಳು. ಯಾರಿಗೆ ನಷ್ಟ, ಅವರು ಬೆಂಗಳೂರಿಗೆ ಹೋಗುತ್ತಾರೆ, ಬೆಂಗಳೂರಿನಲ್ಲಿ ಯಾವ ವಂಕ ಅಗೆಯುತ್ತಾರೆ, ಟ್ಯಾಂಕರು ಬರುತ್ತದೆ. ಒಬ್ಬ ಹುಡುಗಿ ಮಾತ್ರ, ಹರಿತಾ ಎಂದು ಹೆಸರು, ಕನ್ನಡಕದ ಹುಡುಗಿ, ವಿಡಿಯೋ ಮಾಡುವುದನ್ನು ನಿಲ್ಲಿಸಿ ಕೇಳಿದ್ದಳು, ಆಂಟಿ, ನೀರು ಬರದೇ ಹೋದರೆ ಏನು ಮಾಡ್ತೀರ ಎಂದು, ಎದ್ದು ಹೋಯ್ತೀವಿ ಕಣಮ್ಮ, ಬೇಗ ಎದ್ದು ಹೋಗೋದೇ ದೊಡ್ಡದು ಎಂದು ನರಸಕ್ಕ ಬಾಯಿ ತೆರೆಯುವಷ್ಟರಲ್ಲಿ ಧರ್ಮೇಂದ್ರ ನಡುವೆ ಬಂದು ಬರದೇ ಇರೋ ಚಾನ್ಸೇ ಇಲ್ಲ ಮ್ಯಾಡಂ ಎಂದ, ಎಲ್ಲರೂ ನಕ್ಕರು, ಹುಡುಗಿಯೂ ನಕ್ಕಳು. ಇಲ್ಲ ಎನ್ನುವುದನ್ನು ನೋಡಲು ಯಾರೂ ಟಿಕೀಟು ತೆಗೆದು ಬರುವುದಿಲ್ಲ.

ಕೊಂಬೆಯ ವಿಷಯ ಅವನಿಗೆ ಹೇಳಿದವಳು ಅವಳೇ. ಬಾಯಿ ಸುಮ್ಮನಿರಲಿಲ್ಲ. ಶೋ ಮುಗಿದ ಮೇಲೆ ಅಭ್ಯಾಸದ ಬಲದಿಂದ ತಂಗಡಿ ಮುರಿದು ನೆಟ್ಟಿದ್ದಳು, ಕೈಗೆ ಬುದ್ಧಿ ಎಲ್ಲಿದೆ, ನೀರು ಕಂಡರೆ ಕೈ ಕೊಂಬೆಗೆ ಹೋಗುತ್ತದೆ, ಇದೇನು ಇದೇನು ಎಂದು ಗೆಸ್ಟುಗಳು ಕೇಳಿದರು, ಅವಳು ಹೇಳಿದಳು, ಅವರಿಗೆ ನೀರಿಗಿಂತ ಕೊಂಬೆಯೇ ಹೆಚ್ಚು ಹಿಡಿಸಿತು, ಫೋಟೋ ಮೇಲೆ ಫೋಟೋ, ಈಗ ಕ್ಯಾಂಪಿನ ಗೇಟಿನ ಬೋರ್ಡಿನಲ್ಲೂ ಒಂದು ಕೊಂಬೆಯ ಚಿತ್ರವಿದೆ. ಆಗೆಲ್ಲ ಶೋ ಮುಗಿದ ಕೂಡಲೇ ಅವಳೇ ಕಿತ್ತುಹಾಕುತ್ತಿದ್ದಳು, ಧರ್ಮೇಂದ್ರ ಬೇಡ ಇರಲಿ ಎಂದ, ಬೆಳಗಿನ ಬೆಳಕಲ್ಲಿ ಫೋಟೋ ಚೆನ್ನಾಗಿ ಬತ್ತೈತೆ ಎಂದ, ಬಾಡ್ತೈತೆ ಕಣ್ಲಾ, ಬಾಡಿದ್ದಕ್ಕೆ ಬೆಲೆ ಇಲ್ಲ ಎಂದು ಅವಳು ಅಂದದ್ದನ್ನೇ ಹಿಡಿದುಕೊಂಡು, ಹಂಗಾದ್ರೆ ದಿನಾ ಬೆಳಿಗ್ಗೆ ಹೊಸದು ನೆಡಸ್ತೀನಿ ಎಂದು ವಾಚ್‌ಮನ್ನಿಗೆ ಹೇಳಿದ, ಗೆಸ್ಟು ಇರಲಿ ಬಿಡಲಿ, ದಿನಾ ಬೆಳಿಗ್ಗೆ ಹಸಿ ಕೊಂಬೆ, ಬುಡಕ್ಕೆ ಕಲ್ಲು, ಕಲ್ಲು ಪಡುವಲಕ್ಕೆ, ಅದನ್ನೂ ಅವಳೇ ತೋರಿಸಿಕೊಟ್ಟಿದ್ದಳು, ಸರಿಯಾಗಿ ಇಡ್ಲಾ, ಹಂಗಲ್ಲ ಹಿಂಗೆ. ಸರಿಯಾಗಿ ಇಟ್ಟ. ಅಪ್ಪನೇ ಬಂದು ನೋಡಿದ್ದರೂ ತಪ್ಪು ಹುಡುಕುವಂತಿರಲಿಲ್ಲ, ತಪ್ಪಾಗಿ ಇಟ್ಟಿದ್ದರೆ ಪೋತಪ್ಪ ಏರಿನ ಮೇಲೆ ನಿಂತೇ ಯಾರೋ ಹುಡುಗರ ಆಟ ಎಂದು ಬಲಕ್ಕೆ ತಿರುಗುತ್ತಿದ್ದ, ಕೆರೆಗೆ ಹೋಗುತ್ತಿದ್ದ, ಕುರಿಗಳು ನೀರಿಗೆ ಮೂತಿ ಇಡುತ್ತಿದ್ದವು, ಅವನು ಬೇವಿನ ನೆರಳಲ್ಲಿ ಬೀಡಿ ಹಚ್ಚುತ್ತಿದ್ದ. ಫೋನು ಮತ್ತೆ ಬಡಿದುಕೊಳ್ಳುತ್ತಿದೆ, ಎಲ್ಲಿದ್ದೀ ದೊಡ್ಡಮ್ಮ, ಬತ್ತಾ ಇದ್ದೀನಿ ಕಣ್ಲಾ, ಹಾರ್ಕೊಂಡ್ ಬರ್ಲಾ, ಅದಲ್ಲ ಎಂದ ಅವನು, ಹೊಸಾ ಜಾಗ ಮಾಡ್ಸಿದ್ದೀನಿ, ಆ ಜಾಗ ಬ್ಯಾಡ ಅಂತ, ಅಲ್ಲೀಗ ಮನಸ್ಸು ಸರಿ ಬರಲ್ಲ. ಮನಸ್ಸು ಸರಿ ಬರುವುದಿಲ್ಲವಂತೆ. ಜಾಗ ಬದಲಾಯಿಸಿದ್ದಾನೆ. ಆ ಮುದುಕನ್ನ ನೋಡ್ಕೊಂಡ್ ಬಂದ್ಯಾ, ಹೆಂಗವ್ನೆ ಎಂದು ಕೇಳಿದ, ದನಿಯಲ್ಲಿ ನಿಜವಾದ ಕಳವಳವೂ ಇತ್ತು, ಅದೇ ಅವಳಿಗೆ ಇನ್ನೂ ಕಷ್ಟ, ಹಾಳು ಹುಡುಗ ಪೂರಾ ಹಾಳಾಗಿದ್ದರೆ ಬೈದು ಹೊರಟುಬಿಡಬಹುದಿತ್ತು. ಕ್ಯಾಂಪಿನ ಜೀಪಿನಲ್ಲಿ ಪೋತಪ್ಪನನ್ನು ಆಸ್ಪತ್ರೆಗೆ ಹಾಕಿದವನು ಅವನೇ, ದಾರಿಯುದ್ದಕ್ಕೂ ಮುದುಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತುಟಿಗೆ ನೀರು ಹನಿಸಿದವನು ಅವನೇ. ಆಮೇಲೆ ಬೆಂಗಳೂರಿನಿಂದ ಕ್ಯಾಂಪಿನ ಯಜಮಾನ ಸಾರ್ ಅವರ ಫೋನು ಬಂತು, ಕುರಿಯವರು ಒಳಗೆ ಬರದಂತೆ ಬೇಲಿ ಹಾಕಿಸಿ ಎಂದಿತು, ಅವನು ಎಸ್ ಸಾರ್ ಎಂದ, ಅದೂ ಅವನೇ.

ಜೀಪು ಕ್ಯಾಂಪಿನ ದಾರಿಯಲ್ಲಿ ಅವಳನ್ನು ಇಳಿಸಿ ದೂಳೆಬ್ಬಿಸಿಕೊಂಡು ಹೋಯಿತು. ನಡೆಯಬೇಕು. ನಡೆಯುತ್ತ ಲೆಕ್ಕ ಹಾಕುತ್ತಾಳೆ, ಇಲ್ಲವೆಂದರೆ ಏನಾಗುತ್ತದೆ, ಏನೂ ಆಗುವುದಿಲ್ಲ, ನಾಳೆ ಇನ್ನೊಬ್ಬಳಿಗೆ ಸೀರೆ ಉಡಿಸಿ ಕೂರಿಸುತ್ತಾರೆ, ಅಗೆಯುವುದೇನು ದೊಡ್ಡ ವಿದ್ಯೆಯೇ ಈಗ, ನೀಲಿ ಸಿಗುವವರೆಗೆ ಅಗೆದರೆ ಆಯಿತು, ತನಗೆ ಮಾತ್ರ ಮತ್ತೆ ಹುಣಸೆ ಮಂಡಿ, ಮತ್ತೆ ಉಬ್ಬಸ, ಈ ವಯಸ್ಸಿಗೆ ಮಂಡಿಯವರೂ ಕರೆಯುತ್ತಾರೋ ಇಲ್ಲವೋ, ತಂಗಿ ಬಂದು ಜಗಳ ತೆಗೆಯುತ್ತಾಳೆ, ನನ್ನ ಮಗನ ಕೆಲಸಕ್ಕೆ ಕಲ್ಲು ಹಾಕಿದೆಯಾ ಎನ್ನುತ್ತಾಳೆ, ಅಗೆದುಬಿಡು, ನಾಟಕ ತಾನೆ, ಕೊಂಬೆ ನೆಟ್ಟು ಕಿತ್ತುಬಿಡು, ಕೈಯಲ್ಲಿ ಕಿತ್ತುಬಿಡು, ಒಂದು ಫೋಟೋ. ಏರಿನ ಮೇಲೆ ಬಂದಾಗ ನಿಂತಳು, ಉಸಿರಿಗೆಂದು ನಿಂತದ್ದು, ಕೆಳಗೆ ವಂಕ ಬೆಳ್ಳಗೆ ಬಿದ್ದಿದೆ, ಹೊಸ ತಿರುವಿನಲ್ಲಿ ಗೆಸ್ಟುಗಳ ಟೋಪಿಗಳು, ಹಳೆಯ ತಿರುವಿನಲ್ಲಿ ಒಂದು ಕಪ್ಪು ಚುಕ್ಕೆ, ಪೋತಪ್ಪನ ಗುಂಡಿ, ಯಾರೂ ಮುಚ್ಚಿಲ್ಲ, ಹೊಸ ಜಾಗ ಮಾಡಿಸಿದವರಿಗೆ ಹಳೆಯದನ್ನು ಮುಚ್ಚಿಸಲು ಪುರುಸೊತ್ತಿಲ್ಲ. ಅವನು ನಿಂತದ್ದೂ ಇಲ್ಲೇ ಇರಬೇಕು, ಇಲ್ಲಿಂದಲೇ ಕಂಡಿರಬೇಕು, ಹಸುರು, ಇಲ್ಲಿಂದ ಬಲಕ್ಕೆ ಕೆರೆಯ ದಾರಿ, ನೇರಕ್ಕೆ ವಂಕದ ದಾರಿ, ನಿಲ್ಲಲಾ, ಹೋಗಲಾ.

ಬಂದ್ಯಾ ದೊಡ್ಡಮ್ಮ, ಬಾ ಬಾ, ಧರ್ಮೇಂದ್ರ ಓಡಿಬಂದ, ಮುಖ ಬೆವರಿದೆ, ಅವಳ ಸೆರಗನ್ನು ತಾನೇ ಸರಿಮಾಡಲು ಹೋದ, ಅವಳು ಕೈ ತಳ್ಳಿದಳು. ಗೆಸ್ಟುಗಳು ಸುತ್ತ ಕೂತಿದ್ದಾರೆ, ಒಬ್ಬನ ತೊಡೆಯ ಮೇಲೆ ಮಗು, ಮಗುವಿನ ಕೈಯಲ್ಲಿ ಪ್ಲಾಸ್ಟಿಕ್ಕಿನ ಗುದ್ದಲಿ, ಧರ್ಮೇಂದ್ರ ಅವರಿಗೆ ಇಂಗ್ಲಿಷಿನಲ್ಲಿ ಅವಳ ಬಗ್ಗೆ ಹೇಳುತ್ತಿದ್ದಾನೆ, ಪಾಪಯ್ಯನ ಹೆಸರು ಕೇಳಿಸಿತು, ಮೂರು ತಲೆಮಾರು ಎಂದದ್ದು ಕೇಳಿಸಿತು. ನರಸಕ್ಕ ಕೂತಳು. ಮರಳು ಮೇಲೆ ಬೆಚ್ಚಗಿದೆ, ಒಳಗೆ ತಣ್ಣಗಿದೆ, ಕ್ಯಾನಿನ ನೀರು, ಕೈ ತಾನಾಗಿ ಅಗೆಯಿತು, ಕೈಗೆ ಬುದ್ಧಿ ಎಲ್ಲಿದೆ, ಗೇಣು, ಮೊಳ, ನೀರು ಒಸರಿತು, ಓ ಎಂದರು, ಫೋನುಗಳು ಮೇಲೆದ್ದವು, ನೀರು ಸ್ವಲ್ಪವೇ, ಒಳಗಿನಿಂದ ನೀಲಿ ಕಾಣುತ್ತಿದೆ, ಕೂತವರಿಗೆ ಕಾಣುವುದಿಲ್ಲ, ಬಗ್ಗಿದ ಅವಳಿಗೆ ಮಾತ್ರ ಕಾಣುತ್ತದೆ, ನೀರಿನ ಅಡಿಯಲ್ಲಿ ನೀಲಿ, ಅಲುಗುತ್ತಿದೆ, ನೀರೇ ಅಂದ್ಕಂಡೆ ತಾಯಿ. ಧರ್ಮೇಂದ್ರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಂಗಡಿಯ ಕೊಂಬೆ ಮುಂದೆ ಹಿಡಿದ, ಈಗ ಮುರಿದದ್ದು, ಮುರಿದ ಕಡೆ ಇನ್ನೂ ಹಸಿ, ಹೂವೂ ಇದೆ. ನೆಡು ಎಂದ. ಅವಳು ಕೊಂಬೆಯನ್ನು ನೋಡಿದಳು, ಮುಟ್ಟಲಿಲ್ಲ. ನೆಡು ದೊಡ್ಡಮ್ಮ, ಬಿಸಿಲು ಇಳೀತೈತೆ, ಫೋಟೋ ಬರಲ್ಲ. ಬ್ಯಾಡ ಕಣ್ಲಾ ಎಂದಳು. ಅವನು ನಗುತ್ತಲೇ ಇದ್ದ, ಗೆಸ್ಟುಗಳ ಕಡೆಗೆ ನಗು, ಅವಳ ಕಡೆಗೆ ಹಲ್ಲು ಕಚ್ಚಿದ ಮಾತು, ಫೋಟೋ ಆದ ತಕ್ಷಣ ನಾನೇ ಕೀಳ್ತೀನಿ, ನಿನ್ನಾಣೆ, ನಾಳೆಯಿಂದ ಬೋರ್ಡು ಹಾಕಿಸ್ತೀನಿ, ಇಲ್ಲಿ ನೀರಿಲ್ಲ ಅಂತ ದೊಡ್ಡಕ್ಷರದಾಗೆ ಬರೆಸ್ತೀನಿ, ತೆಲುಗು, ಕನ್ನಡ, ಇಂಗ್ಲಿಷು, ಸಾಕಾ. ಬೋರ್ಡು ಓದೋಕೆ ಬರೋನು ಬೋರ್ಡು ನೋಡ್ತಾನೆ, ಪೋತಪ್ಪನ ಬೋರ್ಡು ಇದೇ ಕಣ್ಲಾ ಎಂದಳು, ಕೊಂಬೆಯ ಕಡೆ ಗದ್ದ ತೋರಿಸಿ. ಪರುವು ತಿಯ್ಯೊದ್ದು ಪೆದ್ದಮ್ಮಾ ಎಂದ, ತೆಲುಗಿಗೆ ತಿರುಗಿದರೆ ಅವನು ಅಳುವ ಹತ್ತಿರ ಬಂದಿದ್ದಾನೆಂದು ಅರ್ಥ, ಚಿಕ್ಕವನಿದ್ದಾಗಿನಿಂದ ಹಾಗೇ, ಮಾನ ತೆಗೀಬೇಡವಂತೆ, ಮಾನ ಹೋಗುವುದು ಯಾರದು, ಎಷ್ಟು ಮಾನ, ಯಾವ ಮಾನ, ಯಾರೋ ಹಿಂದಿನಿಂದ ಏನಾದ್ರೂ ಪ್ರಾಬ್ಲಮ್ಮಾ ಎಂದು ಕೇಳಿದರು, ನೋ ನೋ ಎಂದ, ಕೊಂಬೆಯನ್ನು ಅವಳ ಬೆರಳುಗಳ ನಡುವೆ ತುರುಕಿದ, ಎಲೆಗಳು ಅಂಗೈಗೆ ತಣ್ಣಗೆ ತಗುಲಿದವು, ಬೆರಳು ಮುಚ್ಚಲಿಲ್ಲ, ಕೊಂಬೆ ಜಾರಿ ಮರಳಿಗೆ ಬಿತ್ತು, ಅವನು ಮತ್ತೆ ಎತ್ತಿದ, ನೆಡ್ತೀಯೋ ಇಲ್ವೋ, ಇದೇ ಕೊನೆ ಮಾತು, ನೆಡದಿದ್ರೆ ನಾಳೆಯಿಂದ ಬರಬ್ಯಾಡ ಎಂದ, ಈಗ ನಗುವೂ ಇಲ್ಲ. ಗುಂಡಿಯಲ್ಲಿ ನೀರು ಕೆಳಗೆ ಹೋಗುತ್ತಿದೆ, ಟಾರ್ಪಾಲಿಗೆ ಎಲ್ಲೋ ತೂತಿರಬೇಕು, ನೀರು ಹೋಗುತ್ತಿದೆ, ನೀಲಿ ಮೇಲೆ ಬರುತ್ತಿದೆ, ಮೊದಲು ಮಡಿಕೆಯೊಂದು, ಆಮೇಲೆ ಅಂಗೈಯಗಲ, ನೀಲಿ, ಒಣಗುತ್ತಿರುವ ನೀಲಿ, ಉಗುರು ತಾಕುವಷ್ಟು ಹತ್ತಿರ.

ನೆಡಲ್ಲ ಎಂದಳು.